ಸೂಜಿಗೆ ಕೊಟೇಶನ್

ಧಾರವಾಡದಲ್ಲಿ ಕಸೂತಿ ಬರುವ ಹೆಂಗಸರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಕಸೂತಿ ಹಾಕಿ ದುಡ್ಡು ಕೇಳುವವರು ಮಾತ್ರ ಅಪರೂಪ. ಮಗಳಿಗೆ, ಸೊಸೆಗೆ, ಬಾಣಂತನಕ್ಕೆ ಬಂದ ತಂಗಿಗೆ ಹಾಕಿಕೊಟ್ಟರೆ ಅದು ಕಲೆ, ಸಂಸ್ಕೃತಿ, ಮನೆತನದ ಲಕ್ಷಣ. ಅದನ್ನೇ ಮಾರಲು ಹೊರಟಿರೋ, “ಯಾಕ್ರೀ ವೈನಿ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ?” ಎಂಬ ಕನಿಕರದ ಪ್ರಶ್ನೆ ಎದುರಾಗುತ್ತದೆ. ನಾನು ಕಸೂತಿಯನ್ನು ವ್ಯಾಪಾರ ಮಾಡಿಕೊಂಡ ಹೊಸದರಲ್ಲಿ ಓಣಿಯವರು ನಮ್ಮ ಯಜಮಾನರ ಕಡೆ ಒಂದು ನಮೂನೆ ನೋಡತೊಡಗಿದರು. ಅವರ ನೌಕರಿ ಹೋಗಿದೆ ಎಂದು ಒಬ್ಬರು. ಹೋಗಿಲ್ಲ, ಪಗಾರ ನಿಂತಿದೆ ಎಂದು ಇನ್ನೊಬ್ಬರು. ಅವರು ಎಂದಿನಂತೆ ಹತ್ತಕ್ಕೆ ಕಾಲೇಜಿಗೆ ಹೊರಟಿದ್ದನ್ನು ಕಂಡು, “ಪಾಪ, ಇನ್ನೂ ರೂಢಿ ತಪ್ಪಿಲ್ಲ” ಎಂದವರೂ ಇದ್ದಾರೆ.

ಕಸೂತಿ ಹಾಕುವುದನ್ನು ಹತ್ತಿರದಿಂದ ನೋಡದವರಿಗಾಗಿ ಎರಡು ಮಾತು. ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆ ಇರುವುದಿಲ್ಲ, ಅಚ್ಚೂ ಇರುವುದಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸುತ್ತ ಹೋಗಬೇಕು. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹಾಕಿ ಒಂದು ಬಿಡುತ್ತದೆ, ಬಂದ ದಾರಿಯಲ್ಲೇ ತಿರುಗಿ ಬರುವಾಗ ಬಿಟ್ಟಿದ್ದನ್ನೆಲ್ಲ ತುಂಬುತ್ತದೆ. ಹೀಗಾಗಿ ಮೇಲೆ ಕಂಡದ್ದೇ ಕೆಳಗೂ ಕಾಣುತ್ತದೆ. ಮುರ್ಗಿಯದೂ ಇದೇ ನಡಿಗೆ, ಆದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೇಯ್ಗೆಯ ಭ್ರಮೆ ಹುಟ್ಟಿಸುವ ಸಾದಾ ಹೊಲಿಗೆ. ಮೆಂತಿ ಕತ್ತರಿ ಆಕಾರದ ಹೊಲಿಗೆ, ನಡುವಿನ ಜಾಗ ತುಂಬಲಿಕ್ಕೆ ಇರುವಂಥದ್ದು. ಎಲ್ಲಿಯೂ ಗಂಟು ಹಾಕುವ ಹಾಗಿಲ್ಲ. ಗೋಪುರ ಹಾಕುವುದಾದರೆ ಬುಡದಿಂದ ಹೊರಟು, ಕಳಸ ಸುತ್ತಿ, ದಾರ ಕಡಿಯದೆ ಮರಳಿ ಬುಡಕ್ಕೆ ಬರುವ ದಾರಿ ಹೊರಡುವ ಮೊದಲೇ ತಲೆಯಲ್ಲಿರಬೇಕು. ನಡುವೆ ಯಾರಾದರೂ “ವೈನೀ, ಸಕ್ಕರಿ ಅದ ಏನ್ರೀ?” ಎಂದು ಬಾಗಿಲಲ್ಲಿ ನಿಂತರೆ ಎಣಿಕೆ ತಪ್ಪಿ, ಗೋಪುರಕ್ಕೆ ಇಲ್ಲದ ಬಾಗಿಲೊಂದು ಬೀಳುತ್ತದೆ.

ಇಳಕಲ್ ಸೀರೆಯೊಂದರ ಸೆರಗಿನ ತುಂಬ ಗೋಪುರ, ತೇರು, ಪಲ್ಲಕ್ಕಿ, ಆನೆ, ತುಳಸಿಕಟ್ಟೆ ಎಲ್ಲ ಮೂಡಬೇಕಾದರೆ ತಿಂಗಳುಗಟ್ಟಲೆ ಕೂಡಬೇಕು. ಗಿರಾಕಿ ಅದನ್ನು ಅರ್ಧ ನಿಮಿಷ ನೋಡಿ ಬೆಲೆ ಕೇಳುತ್ತಾರೆ. ಹೇಳಿದರೆ ಮುಂದಿನ ಅರ್ಧ ತಾಸು ಅದರ ಮೇಲೆ ಚರ್ಚೆ.

“ಸೀರಿ ರೇಟ್ ನಮಗೂ ಗೊತ್ತದರೀ. ಮ್ಯಾಲ ದಾರ ಅಂದ್ರ ಎಷ್ಟ ಹಿಡದೀತು? ನೂರು, ನೂರೈವತ್ತು?”

“ಮತ್ತ ಕೈಕೆಲಸದ್ದು?”

“ಅಯ್ಯ, ಕೈ ನಿಮ್ಮದ ಅಲ್ಲೇನ್ರೀ? ಅದಕ್ಕೇನ್ ರೊಕ್ಕ ಕೊಟ್ಟು ತಂದೀರಿ?”

ಈ ವಾದಕ್ಕೆ ಉತ್ತರವಿಲ್ಲ. ಕೈ ನನ್ನದೇ. ಕಣ್ಣೂ ನನ್ನದೇ. ಹಿಂದಿನ ಸಲ ಬದಲಿಸಿದ ಚಾಳೀಸಿನ ಬಿಲ್ಲು ಕೂಡ ನನ್ನದೇ.

ಕೈಕೆಲಸದವರೆಲ್ಲ ಮೊದಲು ಕಲಿಯಬೇಕಾದ ಪಾಠ ಇಲ್ಲಿದೆ. ಕೈಗೆ ಬೆಲೆ ಕಟ್ಟುವ ಕೆಲಸವನ್ನು ಗಿರಾಕಿಗೆ ಬಿಡಬಾರದು. ನಮ್ಮ ಯಜಮಾನರು ಅರ್ಥಶಾಸ್ತ್ರ ಕಲಿಸುವವರು. ಒಂದು ರವಿವಾರ ಅವರು ಹಾಳೆ ಹರಡಿಕೊಂಡು ನನ್ನ ವ್ಯಾಪಾರದ ಲೆಕ್ಕಕ್ಕೆ ಕೂತರು. ಬಟ್ಟೆ, ದಾರ, ಸೂಜಿ, ಟಪಾಲು ಖರ್ಚು ಕಳೆದು, ಉಳಿದದ್ದನ್ನು ಕೂತ ತಾಸುಗಳಿಂದ ಭಾಗಿಸಿ, ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, “ಪಾತ್ರೆ ತೊಳೆಯೋಕೆ ಬರ್ತಾಳಲ್ಲ, ಆಕೀಗೆ ತಾಸಿಗೆ ನಿನಗಿಂತ ಹೆಚ್ಚು ಬೀಳ್ತದ” ಎಂದು ವರದಿ ಒಪ್ಪಿಸಿದರು. ಹಿತ್ತಲಲ್ಲಿ ಪಾತ್ರೆಯ ಸದ್ದು ನಿಂತಿತು. ಮರುದಿನ ಆಕೆ ಹೋಗುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ, “ಅಕ್ಕಾರ, ನಮ್ಮ ಕಡೆ ಇನ್ನೆರಡು ಮನಿ ಖಾಲಿ ಅದಾವು. ಬೇಕಾದ್ರ ನಿಮ್ಮ ಸಲುವಾಗಿ ಹೇಳ್ತೀನಿ” ಎಂದಳು. ಅಂದೇ ಎಲ್ಲ ಚೀಟಿಗಳ ಮೇಲೆ ಹೊಸ ಬೆಲೆ ಬರೆದೆ. ಯಜಮಾನರ ಲೆಕ್ಕಕ್ಕಿಂತ ಆಕೆಯ ಕರುಣೆಯೇ ನನ್ನ ವ್ಯಾಪಾರವನ್ನು ದಾರಿಗೆ ತಂದದ್ದು.

ಬಂಧುಬಳಗದ ಲೆಕ್ಕವೇ ಬೇರೆ. “ನಮಗ ಏನ್ ರೇಟ್ ಹಚ್ತೀ?” ಎಂದು ಸೋದರತ್ತೆ ಕೇಳಿದರೆ ಅದು ಪ್ರಶ್ನೆಯಲ್ಲ, ತೀರ್ಪು. ಅರ್ಧ ಬೆಲೆಗೆ ಕೊಟ್ಟರೆ ಅವರ ಮಟ್ಟಿಗೆ ಅವರು ರೊಕ್ಕ ಕೊಟ್ಟು ಕೊಂಡವರು, ನನ್ನ ಮಟ್ಟಿಗೆ ನಾನು ಪುಕ್ಕಟೆ ಕೊಟ್ಟವಳು. ಇಬ್ಬರಿಗೂ ಸಮಾಧಾನವಿಲ್ಲ. ಆಮೇಲೆ ಮದುವೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಊಟಕ್ಕೆ ಕೂಡುವುದೂ ಕಷ್ಟ. ಈಗ ನನ್ನಲ್ಲಿ ಎರಡೇ ದರ: ಉಡುಗೊರೆ, ಇಲ್ಲವೇ ಪೂರ್ತಿ ಬೆಲೆ. ಉಡುಗೊರೆ ಯಾವಾಗ, ಯಾರಿಗೆ ಎನ್ನುವುದನ್ನು ನಾನು ನಿರ್ಧರಿಸುತ್ತೇನೆ. ಉದ್ರಿಯ ವಹಿ ಇಟ್ಟಿಲ್ಲ. ಇಟ್ಟರೆ ಅದರ ತುಂಬ ನನ್ನ ಪ್ರೀತಿಯವರ ಹೆಸರೇ ಇರುತ್ತಿತ್ತು.

ಬೆಲೆಯ ಗಂಡಾಂತರ ದಾಟಿದರೆ ‘ಅಸಲಿಯೋ ನಕಲಿಯೋ’ ಎಂಬ ಪರೀಕ್ಷೆ. ಕಸೂತಿಗೆ 2006ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರ ಯಾವ ಗುರುತಿಗೂ ಹೆದರುವಂಥದ್ದಲ್ಲ. ಅದು ಒಂದು ಮಧ್ಯಾಹ್ನದಲ್ಲಿ ಆನೆಗಳ ಹಿಂಡನ್ನೇ ಹೊರಡಿಸುತ್ತದೆ, ಅಂಗಡಿಯವರು ಅದಕ್ಕೂ ಕಸೂತಿ ಎಂದೇ ಚೀಟಿ ಅಂಟಿಸುತ್ತಾರೆ. ಗುರುತಿಸುವುದು ಕಷ್ಟವಲ್ಲ, ಬಟ್ಟೆ ತಿರುಗಿಸಿದರೆ ಸಾಕು. ಯಂತ್ರದ ಆನೆ ಮೇಲಿನಿಂದ ಬಲು ಅಂದ. ಕೆಳಗೆ ನೋಡಿದರೆ ಬಿಳಿ ದಾರದ ಗೋಜಲು, ಕಾಗದದಂಥ ಅಸ್ತರು. ನಮ್ಮ ಕಡೆಯ ಹಿರಿಯ ಹೆಂಗಸರು ಮದುವೆ ಮನೆಯಲ್ಲಿ ಮಾತಾಡಿಸುತ್ತಲೇ ನಿಮ್ಮ ಸೆರಗಿನ ತುದಿ ಹಿಡಿದು ಮಗ್ಗುಲು ಮಾಡಿ ನೋಡಿಬಿಡುತ್ತಾರೆ. “ಚಲೋ ಅದ” ಎಂದರೆ ಸರ್ಟಿಫಿಕೇಟು. ಏನೂ ಹೇಳದೆ ಸೆರಗು ಬಿಟ್ಟು “ಊಟ ಆತೇನು?” ಎಂದರೆ ನಪಾಸು.

ಈಗ ಅವರ ಜಾಗಕ್ಕೆ ಮೊಬೈಲ್ ಓದಿದ ಗಿರಾಕಿಗಳು ಬಂದಿದ್ದಾರೆ. ಒಬ್ಬರು ನನ್ನ ದಿಂಬಿನ ಕವರು ತಿರುಗಿಸಿ ನೋಡಿ, ಅಕ್ಷರಶಃ ಹೌಹಾರಿದರು. “ಎರಡೂ ಕಡೆ ಸೇಮ್ ಇಲ್ಲ! ಅಸಲಿ ಕಸೂತಿ ಎರಡೂ ಕಡೆ ಸೇಮ್ ಇರ್ತದ ಅಂತ ಬರದಾರ.” ಅವರು ಬೆರಳಿಟ್ಟದ್ದು ಮೆಂತಿ ಹೊಲಿಗೆಯ ಮೇಲೆ. ಗವಂತಿ, ಮುರ್ಗಿ ಎರಡೂ ಕಡೆ ಒಂದೇ ಕಾಣುತ್ತವೆ ನಿಜ. ಮೆಂತಿ ಕಾಣುವುದಿಲ್ಲ, ನೇಗಿಯೂ ಕಾಣುವುದಿಲ್ಲ, ಅವುಗಳ ಜಾಯಮಾನವೇ ಹಾಗೆ. ನಾನು ಸೂಜಿ ತೆಗೆದು ಮೆಂತಿ ಹಾಕಿ ತೋರಿಸಿದೆ, ತಿರುಗಿಸಿ ತೋರಿಸಿದೆ. ಅವರು ಒಮ್ಮೆ ಬಟ್ಟೆ ನೋಡಿದರು, ಒಮ್ಮೆ ಮೊಬೈಲ್ ನೋಡಿದರು. ಕೊನೆಗೆ ಮೊಬೈಲನ್ನೇ ನಂಬಿ ಎದ್ದುಹೋದರು. ಅಂದಿನಿಂದ ಪ್ರತಿಯೊಂದರ ಜೊತೆಗೂ ಸಣ್ಣ ಚೀಟಿ ಇಡುತ್ತೇನೆ: ಇದರಲ್ಲಿ ಯಾವ ಯಾವ ಹೊಲಿಗೆ ಇದೆ, ಹಿಂದೆ ಹೇಗೆ ಕಾಣುತ್ತದೆ ಎಂದು. ಮುದ್ರಿಸಿದ್ದಕ್ಕೆ ಇರುವ ಮರ್ಯಾದೆ ಬಾಯಿಮಾತಿಗಿಲ್ಲ.

ಇನ್ನು ‘ಕಸ್ಟಮ್ ಆರ್ಡರು’ ಎಂಬ ಅಧ್ಯಾಯ. ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಕಸೂತಿಯಲ್ಲಿ ಗೆರೆ ಅಡ್ಡ ಹೋಗುತ್ತದೆ, ಉದ್ದ ಹೋಗುತ್ತದೆ, ಓರೆ ಹೋಗುತ್ತದೆ. ದುಂಡಗೆ ತಿರುಗುವುದಿಲ್ಲ. ಈ ಒಂದು ಸತ್ಯವನ್ನು ಒಪ್ಪಿಸುವಷ್ಟರಲ್ಲಿ ನನ್ನ ಗಂಟಲು ಒಣಗಿದ್ದುಂಟು. ಒಬ್ಬರು ಡೊಳ್ಳು ಹೊಟ್ಟೆಯ ಗಣಪತಿ ಬೇಕೆಂದರು. “ಹೊಟ್ಟಿ ಎಂಟು ಮೂಲಿ ಆಗ್ತದರೀ” ಎಂದೆ. “ಆಗವಲ್ದ್ಯಾಕ, ಸ್ವಲ್ಪ ದುಂಡಗ ಕಾಣೂ ಹಂಗ ಹಾಕ್ರಿ” ಎಂದರು. ಹಾಕಿದ ಗಣಪತಿ ವ್ಯಾಯಾಮ ಮಾಡಿದವನ ಹಾಗಿದ್ದ. ಅವರ ಮಗನಿಗೆ ಅದೇ ಬಹಳ ಹಿಡಿಸಿತು. ಮತ್ತೊಬ್ಬರು ಪಲ್ಲಕ್ಕಿ ತೆಗೆದು ಆ ಜಾಗಕ್ಕೆ ತಾವು ಹೊಸದಾಗಿ ಕೊಂಡ ಕಾರು ಹಾಕಲು ಹೇಳಿದರು. ಕಾರಿಗೇನೋ ಮೂಲೆಗಳಿವೆ, ಅದರ ಗಾಲಿಗೆ ಇಲ್ಲವಲ್ಲ! ತೇರಿನ ಗಾಲಿಯನ್ನೇ ಜೋಡಿಸಿ ಕೊಟ್ಟೆ. ಸೆರಗಿನ ಮೇಲೆ ಆ ಕಾರು ಇವತ್ತಿಗೂ ರಥಬೀದಿಯಲ್ಲಿ ಹೊರಟಂತೆಯೇ ಕಾಣುತ್ತದೆ.

ಗಿರಾಕಿಗಳು ತಮ್ಮದೇ ಬಟ್ಟೆ ತಂದುಕೊಟ್ಟರೆ ಇನ್ನೊಂದು ಫಜೀತಿ. ಹಾಸಿನ ಎಳೆ ಒತ್ತಾಗಿದ್ದು ಹೊಕ್ಕಿನ ಎಳೆ ಸಡಿಲವಿದ್ದರೆ, ಎಣಿಕೆ ಎಷ್ಟೇ ಸರಿಯಿದ್ದರೂ ಆಕಾರ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಒಬ್ಬ ಮಾಮಿಯ ಬಟ್ಟೆಯ ಮೇಲೆ ಆನೆ ಕುದುರೆಯಂತೆ ಸಪೂರವಾಗಿ ನಿಂತಿತು. ಅದೇ ಬಟ್ಟೆಯನ್ನು ಅಡ್ಡ ಹಿಡಿದು ಹಾಕಿದಾಗ ಹಂದಿಯಷ್ಟು ಗಿಡ್ಡವಾಯಿತು. ತೆಳು ರೇಷ್ಮೆ, ಜಾರ್ಜೆಟ್‌ಗಳಲ್ಲಿ ಎಳೆ ಕಣ್ಣಿಗೇ ಕಾಣುವುದಿಲ್ಲ. ಮೇಲೆ ಜಾಳಿಗೆಯಂಥ ಕ್ಯಾನ್ವಾಸು ಕಟ್ಟಿ, ಅದರ ಮನೆ ಎಣಿಸಿ ಹೊಲಿದು, ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಚಿಮಟಿಗೆ ಹಿಡಿದು ಒಂದೊಂದಾಗಿ ಎಳೆದು ತೆಗೆಯಬೇಕು. ಹೊಲಿಯುವಾಗ ಇಲ್ಲದ ಸಿಟ್ಟು ಎಳೆಯುವಾಗ ಬರುತ್ತದೆ. ಜೋರಾಗಿ ಜಗ್ಗಿದರೆ ಕಸೂತಿಯ ದಾರವೂ ಜೊತೆಗೇ ಬಂತು. ಸಿಟ್ಟನ್ನು ಮೆತ್ತಗೆ ತೀರಿಸಿಕೊಳ್ಳುವುದು ಹೇಗೆಂದು ನನಗೆ ಯಾವ ಯೋಗ ಶಿಬಿರವೂ ಕಲಿಸಿಲ್ಲ, ಈ ಕ್ಯಾನ್ವಾಸು ಕಲಿಸಿದೆ.

ಅವಸರದ ಋತುವೂ ಒಂದಿದೆ. 1905ರ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತಾರೆ. ಆ ದಿನ ಕಚೇರಿ ಕಾಲೇಜುಗಳ ಮಹಿಳೆಯರೆಲ್ಲ ಕೈಮಗ್ಗದ ಸೀರೆ ಉಟ್ಟು ಫೋಟೋ ಹಾಕುವುದು ವಾಡಿಕೆ. ಒಳ್ಳೆಯ ವಾಡಿಕೆ. ಆದರೆ ನೆನಪಾಗುವುದು ಜುಲೈ ಕೊನೆಗೆ. “ಅಕ್ಕಾ, ಏಳನೇ ತಾರೀಖಿಗೆ ಬೇಕ, ಬ್ಲೌಸ್ ತುಂಬ ಕಸೂತಿ ಇರಬೇಕು” ಎಂದು ಧ್ವನಿ ಸಂದೇಶ ಬರುತ್ತದೆ. ನಾನು ಈಗ “ಆಗ್ಲಿ ನೋಡೋಣ” ಎನ್ನುವುದಿಲ್ಲ. ಧಾರವಾಡದಲ್ಲಿ ಆ ಮಾತಿಗೆ ‘ಆಗುವುದಿಲ್ಲ’ ಎಂದು ಅರ್ಥ, ಬೆಂಗಳೂರಿನವರು ಅದನ್ನು ‘ಆಯಿತು’ ಎಂದು ತಿಳಿದು ಟೇಲರ್ ಹತ್ತಿರ ಹೋಗಿಬಿಡುತ್ತಾರೆ. “ಯಾವ ವರ್ಷದ ಏಳನೇ ತಾರೀಖು?” ಎಂದು ಕೇಳುತ್ತೇನೆ. ಸಿಟ್ಟಾಗದೆ ನಕ್ಕವರೇ ನನ್ನ ಕಾಯಂ ಗಿರಾಕಿಗಳು. ಅರ್ಧ ಮುಂಗಡ ಬಂದ ಮೇಲೆಯೇ ಸೂಜಿಗೆ ದಾರ ಪೋಣಿಸುವುದು. ಮುಂಗಡ ಕೊಟ್ಟವರು ಬಣ್ಣ ಬದಲಿಸುವುದಿಲ್ಲ. ಕೊಡದವರು ದಿನಕ್ಕೊಂದು ಬಣ್ಣ ಕಳಿಸುತ್ತಾರೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಅಂಗಳದಲ್ಲಿ ನಡೆಯುವಂಥ ಮೇಳಗಳಲ್ಲಿ ಮಳಿಗೆ ಹಾಕುವುದೆಂದರೆ ಮತ್ತೊಂದು ವಿಶ್ವವಿದ್ಯಾಲಯ. ಅಲ್ಲಿ ಬರುವವರಲ್ಲಿ ಮೂರು ಪಂಗಡ. ಮುಟ್ಟಿ ನೋಡುವವರು, ಫೋಟೋ ತೆಗೆಯುವವರು, “ಇದೆಲ್ಲ ನಂಗೂ ಬರುತ್ತೆ” ಎನ್ನುವವರು. ಮೂರನೆಯ ಪಂಗಡದವರ ಸಂಖ್ಯೆ ನೋಡಿದರೆ ಕಸೂತಿ ಅಳಿವಿನಂಚಿನಲ್ಲಿದೆ ಎಂಬ ಭಾಷಣಗಳನ್ನು ಯಾರೂ ನಂಬಲಾರರು. ಕೊಳ್ಳುವವರು ನಾಲ್ಕನೆಯ ಪಂಗಡ. ಅವರು ಹೆಚ್ಚು ಮಾತಾಡುವುದಿಲ್ಲ.

ಒಂದು ಮೇಳದಲ್ಲಿ ನನ್ನ ಪಕ್ಕದ ಮಳಿಗೆ ಚನ್ನಪಟ್ಟಣದ ಗೊಂಬೆಯವರದು. ಲೇತಿನಲ್ಲಿ ಗಿರಗಿರ ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಬಣ್ಣದ ಕಡ್ಡಿ ಒತ್ತುತ್ತಿದ್ದರು. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತಿತ್ತು. ಮೇಲೆ ಗರಿಯೊಂದನ್ನು ಹಿಡಿದರೆ ಹೊಳಪು. ನಾನು ಆನೆಯ ಒಂದು ಕಾಲು ಮುಗಿಸುವಷ್ಟರಲ್ಲಿ ಅವರ ಬುಗುರಿ ಮುಗಿದು, ಮಾರಾಟವಾಗಿ, ಮಗುವಿನ ಕೈಯಲ್ಲಿ ತಿರುಗುತ್ತಿತ್ತು. ಸಂಜೆ ಅವರೇ ಹೇಳಿದರು: “ಮೇಡಂ, ದೊಡ್ಡ ಸೀರೆ ಜನಾನ ನಿಲ್ಲಿಸುತ್ತೆ. ಬಾಡಿಗೆ ಕಟ್ಟೋದು ಸಣ್ಣ ಸಾಮಾನು. ನಮ್ದೂ ಅಷ್ಟೇ, ಕುದುರೆ ನೋಡ್ತಾರೆ, ಕೀ ಚೈನ್ ತಗೋತಾರೆ.” ಮುಂದಿನ ಮೇಳಕ್ಕೆ ಒಂದೊಂದೇ ಆನೆ, ಗಿಳಿ, ಶಂಖ ಹಾಕಿದ ಬುಕ್‌ಮಾರ್ಕುಗಳನ್ನು ಒಯ್ದೆ. ಪುಸ್ತಕ ಓದುವವರು ಕಡಿಮೆಯಾಗಿದ್ದಾರೆ ಎನ್ನುವ ಮಾತು ನಿಜವಿರಬಹುದು, ಬುಕ್‌ಮಾರ್ಕ್ ಕೊಳ್ಳುವವರು ಕಡಿಮೆಯಾಗಿಲ್ಲ.

ಮೇಳಗಳಲ್ಲಿ ನಾನು ಕಲಿತ ಇನ್ನೊಂದು ವಿದ್ಯೆ, ಬೆಲೆ ಹೇಳಿ ಸುಮ್ಮನಿರುವುದು. ಬೆಲೆ ಹೇಳಿದ ಕೂಡಲೇ ಮಾರುವವಳ ಬಾಯಿ ತಾನಾಗಿಯೇ “ಅಂದ್ರ ಭಾಳ ದಿನ ಹಿಡೀತದರೀ, ದಾರಾನೂ ತುಟ್ಟಿ ಆಗ್ಯಾವು, ಸ್ವಲ್ಪ ಕಡಿಮಿ ಮಾಡೋಣ ಬಿಡ್ರಿ” ಎಂದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳತೊಡಗುತ್ತದೆ. ಅದನ್ನು ತಡೆಯಬೇಕು. ನಾನು ಬೆಲೆ ಹೇಳಿ ಬಾಯಲ್ಲಿ ಒಂದು ತುಂಡು ಧಾರವಾಡ ಪೇಡೆ ಇಟ್ಟುಕೊಳ್ಳುತ್ತೇನೆ. ಅದು ಕರಗುವಷ್ಟರಲ್ಲಿ ಗಿರಾಕಿ ಒಂದು ನಿರ್ಧಾರಕ್ಕೆ ಬಂದಿರುತ್ತಾರೆ.

ವ್ಯಾಪಾರ ಹಿಗ್ಗಿಸಲು ಸಾಲ ಪಡೆಯೋಣವೆಂದು ಒಂದು ಬ್ಯಾಂಕಿಗೂ ಹೋಗಿದ್ದೆ. ಮುದ್ರಾ ಯೋಜನೆಯಲ್ಲಿ ‘ಶಿಶು’ ಎಂಬ ವರ್ಗವಿದೆ, 50,000 ರೂಪಾಯಿವರೆಗೆ. ನನ್ನ ಉದ್ಯಮದ ಎತ್ತರಕ್ಕೆ ಆ ಹೆಸರೇ ಸರಿ ಅನಿಸಿತು. ಸಾಹೇಬರು ಯುವಕರು, ಸೌಜನ್ಯವಂತರು. ಅರ್ಜಿಯಲ್ಲಿ ಒಂದು ಕಾಲಂ ತೋರಿಸಿದರು.

“ಮೇಡಂ, ಮಶೀನ್ ಕೊಟೇಶನ್ ಬೇಕು.”

“ಮಶೀನ್ ಇಲ್ಲರೀ. ಕೈಲೆ ಮಾಡೂದು.”

“ಏನೂ ಇಲ್ವಾ? ಏನಾದ್ರೂ ಒಂದು ಉಪಕರಣ ಇರಬೇಕಲ್ಲ?”

“ಸೂಜಿ ಅದ.”

ಅವರು ಬರೆದುಕೊಂಡರು. ಆಮೇಲೆ ಯೋಚಿಸಿ, “ಹಾಗಾದ್ರೆ ಸೂಜಿಗೇ ಕೊಟೇಶನ್ ತನ್ನಿ” ಎಂದರು. ಹೊಲಿಗೆ ಸಾಮಾನಿನ ಅಂಗಡಿಯ ಅಜ್ಜ ಸೂಜಿ ಪಾಕೀಟಿಗೆ ಕೊಟೇಶನ್ ಕೇಳಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬ್ಯಾಂಕಿನವರ?” ಎಂದರು. ಹೌದೆಂದೆ. ಮರುಮಾತಾಡದೆ ಬಿಲ್ ಪುಸ್ತಕ ತೆಗೆದರು. ಅನುಭವಸ್ಥರು.

ಸರ್ಕಾರದ ಪಟ್ಟಿಗಳಲ್ಲೂ ನಾವು ಎಲ್ಲಿ ಕೂಡಬೇಕೆನ್ನುವುದು ಸುಲಭದ ಪ್ರಶ್ನೆಯಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಹೂಮಾಲೆ ಕಟ್ಟುವವರಿದ್ದಾರೆ, ಮೀನಿನ ಬಲೆ ಹೆಣೆಯುವವರಿದ್ದಾರೆ, ದರ್ಜಿಗಳಿದ್ದಾರೆ, ಕಸೂತಿಯವರು ಇಲ್ಲ. ಆದರೆ ಕೇಂದ್ರ ಜವಳಿ ಸಚಿವಾಲಯದ ‘ಪೆಹಚಾನ್’ ಗುರುತಿನ ಚೀಟಿ ನಮ್ಮಂಥ ಕರಕುಶಲದವರಿಗೆ ಸಿಗುತ್ತದೆ. ಸರ್ಕಾರಿ ಮೇಳಗಳಲ್ಲಿ ಜಾಗ ಕೇಳುವಾಗ ಅದು ಬೇಕಾಗುತ್ತದೆ. ಕೈಕೆಲಸ ಮಾಡುವವರು ಬೇರೆ ಏನೂ ಮಾಡದಿದ್ದರೂ ಆ ಚೀಟಿ ಮಾಡಿಸಿಕೊಳ್ಳಬೇಕು. ಮನೆಯವರು ನಮ್ಮ ಕೆಲಸವನ್ನು ಟೈಮ್‌ಪಾಸ್ ಎಂದಾಗ ತೋರಿಸಲಿಕ್ಕೂ ಬರುತ್ತದೆ.

ಆರ್ಡರು ಹೆಚ್ಚಾದಾಗ ನನಗೆ ಆಸರೆಯಾಗುವವರು ನಮ್ಮೂರಿನ ಮಾಳಮಡ್ಡಿಯ ಒಬ್ಬ ಕಾಕು. ಎಂಬತ್ತರ ಆಸುಪಾಸು. ತೇರು ಹಾಕುವಾಗ ಅವರು ಎಣಿಸುವುದೇ ಇಲ್ಲ, ಬೆರಳ ತುದಿಯಿಂದ ಬಟ್ಟೆ ಸವರಿ ಸೂಜಿ ಇಳಿಸುತ್ತಾರೆ, ಟಿ.ವಿ. ಧಾರಾವಾಹಿಯ ಅತ್ತೆಗೆ ಬೈಯುತ್ತಲೇ ತೇರು ಎಳೆಯುತ್ತಾರೆ. ಹಾಕಿದ್ದು ಮನಸ್ಸಿಗೆ ಬರದಿದ್ದರೆ ಯಾರೂ ಹೇಳದೆ ಬಿಚ್ಚಿ ಮತ್ತೆ ಹಾಕುತ್ತಾರೆ. ಅವರದು ಎರಡೇ ಶರತ್ತು. ಒಂದು, ಅವಸರ ಮಾಡಬಾರದು. ಎರಡು, ಕೂಲಿ ನಗದು ಕೊಡಬೇಕು, ಅದೂ ಕೆಲಸ ಒಪ್ಪಿಸಿದ ಕೂಡಲೇ.

“ಕಾಕು, ಫೋನಿಗೆ ಹಾಕ್ಲೇನು? ಎಲ್ಲಾರೂ ಹಂಗ ತಗೋತಾರ” ಎಂದೆ ಒಮ್ಮೆ.

“ಬ್ಯಾಡ ನಮ್ಮವ್ವ. ಫೋನು ಮಗನ ಕಿಸೆದಾಗ ಇರ್ತದ. ರೊಕ್ಕ ನನ್ನ ಕಿಸೆದಾಗ ಇರ್ಲಿ.”

ಅವರ ಸೀರೆಗೆ ಕಿಸೆಯಿಲ್ಲ. ಸೊಂಟದ ಚೀಲ ಮಾತ್ರ ಇದೆ. ಅದು ತುಂಬಿದ ದಿನ ತೇರಿನ ಕಳಸಕ್ಕೆ ಒಂದು ಎಳೆ ಹೆಚ್ಚೇ ಹಾಕಿರುತ್ತಾರೆ. ನನ್ನ ಬೆಲೆಪಟ್ಟಿಯ ಮೊದಲ ಸಾಲಿನಲ್ಲಿ ಈಗ ದಾರವಿಲ್ಲ, ಬಟ್ಟೆಯಿಲ್ಲ, ಕಾಕು ಕೂಲಿ ಇದೆ. ಗಿರಾಕಿ ಚೌಕಾಸಿಗೆ ಇಳಿದಾಗ ನನ್ನ ಲಾಭದಲ್ಲಿ ಹತ್ತು ರೂಪಾಯಿ ಬಿಟ್ಟೇನು, ಆ ಸಾಲಿಗೆ ಕೈ ಹಚ್ಚುವುದಿಲ್ಲ. ಕೈಕಸುಬಿನ ವ್ಯಾಪಾರದಲ್ಲಿ ನಾನು ಕಲಿತದ್ದರಲ್ಲಿ ಗಟ್ಟಿಯಾದದ್ದು ಇದೊಂದೇ. ಉಳಿದವನ್ನು ಯಾವ ಅಂಗಡಿಯವನಾದರೂ ಕಲಿಸುತ್ತಾನೆ.

ಆದ್ದರಿಂದ ಓದುಗರಲ್ಲಿ ವಿನಂತಿ. ಚೌಕಾಸಿ ಮಾಡಿ, ಬೇಡ ಎನ್ನುವುದಿಲ್ಲ. ಚೌಕಾಸಿ ಇಲ್ಲದ ವ್ಯಾಪಾರ ನಮಗೂ ಸಪ್ಪೆ. ಬಟ್ಟೆ ತಿರುಗಿಸಿ ನೋಡಿ, ಧಾರಾಳವಾಗಿ ನೋಡಿ. ಸೀರೆ ತುಟ್ಟಿಯಾದರೆ ಒಂದು ಬುಕ್‌ಮಾರ್ಕ್ ಒಯ್ಯಿರಿ. ‘ಇದೆಲ್ಲ ನನಗೂ ಬರುತ್ತೆ’ ಎಂದು ಮಾತ್ರ ಹೇಳಿ ಹೊರಟುಬಿಡಬೇಡಿ. ನಿಜವಾಗಿ ಬರುತ್ತಿದ್ದರೆ ದಯವಿಟ್ಟು ನಿಮ್ಮ ಚಾಳೀಸು ತೆಗೆದುಕೊಂಡು ನಮ್ಮ ಮನೆಗೆ ಬನ್ನಿ. ಆಗಸ್ಟ್ ಏಳರ ಆರ್ಡರುಗಳು ಇನ್ನೂ ಬಾಕಿ ಇವೆ. ಚಹಾ ಇದೆ, ಆನೆಗೆ ಇಷ್ಟು, ತೇರಿಗೆ ಇಷ್ಟು ಎಂದು ದರ ಗೊತ್ತುಮಾಡಿದ್ದೇನೆ, ಕೂಲಿ ನಗದು.